ಎಪ್ಪತ್ತೆರಡು ಹೋಮ್ ರನ್, ಒಂದು ಪೆಟ್ರೋಲ್ ಬಂಕ್

ಚಿನ್ನು,

ಮೊನ್ನೆ ಫೋನಿನಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಜೋ ಬೌಮನ್ ಕತೆ ಶುರು ಮಾಡಿದ ಕೂಡಲೇ, "ಅಷ್ಟು ಚೆನ್ನಾಗಿ ಹೊಡೀತಿದ್ದವನು ದೊಡ್ಡ ಲೀಗಿಗೆ ಯಾಕಪ್ಪಾ ಹೋಗಲಿಲ್ಲ?" ಅಂತ ಕೇಳಿದೆ. ಅಷ್ಟರಲ್ಲಿ ನಿನಗೆ ಬಸ್ ಬಂತು. ಅದಕ್ಕೇ ಈ ಕಾಗದ.

ಬೌಮನ್ ಒಕ್ಲಹೋಮಾದವನು. ಆರಡಿ ಐದಿಂಚಿನ ಆಳು, ಎಡಗೈ ಹೊಡೆತಗಾರ. ದೊಡ್ಡ ಲೀಗಿನ ತಂಡವಾದ ಬಾಸ್ಟನ್ ಬ್ರೇವ್ಸ್‌ನ ಕೆಳಗಿನ ತಂಡಗಳಲ್ಲಿ ಆಡುತ್ತಿದ್ದಾಗ ಸಂಬಳ ಕಡಿಮೆ ಮಾಡಲು ಹೊರಟರು. ಒಕ್ಲಹೋಮಾ ಸಿಟಿಯ ಯಾವುದಾದರೂ ಮೂಲೆಯಲ್ಲಿ ನಿಂತು ಶೂ ಲೇಸ್ ಮಾರಿದರೂ ಇದಕ್ಕಿಂತ ಜಾಸ್ತಿ ದುಡೀತೀನಿ ಅಂದನಂತೆ. ಬಿಟ್ಟೇ ಬಂದ. ಎಲ್ಕ್ ಸಿಟಿಯಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಾ ಊರ ತಂಡಕ್ಕೆ ಆಡಿದ.

ಮತ್ತೆ ಲೀಗಿಗೆ ಬಂದದ್ದು 1952ರಲ್ಲಿ, ನ್ಯೂ ಮೆಕ್ಸಿಕೋದ ಆರ್ಟೀಸಿಯಾಕ್ಕೆ. ಆ ವರ್ಷ 50 ಹೋಮ್ ರನ್ (ನಮ್ಮ ಸಿಕ್ಸರ್ ಥರ, ಚೆಂಡನ್ನು ಬೇಲಿಯಾಚೆ ಹೊಡೆದು ಮೈದಾನದ ಒಂದು ಸುತ್ತು ಓಡುವುದು), ಮರುವರ್ಷ 53. 1954ರಲ್ಲಿ ಪಕ್ಕದ ರೋಸ್‌ವೆಲ್ ತಂಡ ಸೇರಿದ, ಅಲ್ಲೂ ಒಂದು ಬಂಕ್ ಕೊಂಡ. ಹಗಲು ಪೆಟ್ರೋಲ್, ರಾತ್ರಿ ಬ್ಯಾಟು.

ಆಗ ವೃತ್ತಿಪರ ಆಟದಲ್ಲಿ ಯಾರೂ ಒಂದು ಋತುವಿನಲ್ಲಿ 69 ಹೋಮ್ ರನ್ ದಾಟಿರಲಿಲ್ಲ. ಸೆಪ್ಟೆಂಬರ್ 5ಕ್ಕೆ ಬೌಮನ್ ಕೂಡ 69ರಲ್ಲೇ ನಿಂತಿದ್ದ. ಉಳಿದದ್ದು ಒಂದೇ ದಿನ, ಎರಡು ಪಂದ್ಯ, ಅದೂ ತನ್ನ ಹಳೇ ಊರು ಆರ್ಟೀಸಿಯಾದಲ್ಲಿ. ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಎರಡು ಹೊಡೆದ. 72! ಬ್ಯಾಟಿಂಗ್ ಸರಾಸರಿ .400, ಅಂದರೆ ಹತ್ತು ಸಲಕ್ಕೆ ನಾಲ್ಕು ಸಲ ಹೊಡೆತ ಫಲಿಸಿದ ಹಾಗೆ.

ಅದು 'ಸಿ' ದರ್ಜೆಯ ಲೀಗು, ದೊಡ್ಡ ಲೀಗಿಗಿಂತ ಎಷ್ಟೋ ಕೆಳಗಿನದು. ಚೆಂಡು ಎಸೆಯುವವರು ಅಷ್ಟಕ್ಕಷ್ಟೇ. ರೋಸ್‌ವೆಲ್ ಮೂರೂವರೆ ಸಾವಿರ ಅಡಿ ಎತ್ತರದ ಒಣಸೀಮೆ, ಚೆಂಡು ಚೆನ್ನಾಗಿ ತೇಲುತ್ತದೆ. ಅದನ್ನೂ ಹೇಳಬೇಕಲ್ವಾ? ಆದರೆ ಅದೇ ಗಾಳಿಯಲ್ಲಿ ಬೇರೆಯವರೂ ಆಡಿದ್ದರು.

ನನಗೆ ಇಷ್ಟವಾದದ್ದು ಬೇರೆ. ಅವನು ಹೋಮ್ ರನ್ ಹೊಡೆದರೆ ಜನ ತಮ್ಮ ಮುಂದಿನ ತಂತಿಬಲೆಯ ಕಣ್ಣುಗಳಲ್ಲಿ ಡಾಲರ್ ನೋಟು ಸಿಕ್ಕಿಸುತ್ತಿದ್ದರು. ಓಟ ಮುಗಿಸಿ, ಬಲೆಯ ಉದ್ದಕ್ಕೂ ನಡೆಯುತ್ತಾ ಒಂದೊಂದನ್ನೇ ಕಿತ್ತುಕೊಳ್ಳುತ್ತಿದ್ದ. ಜೊತೆಗೆ ಮಾಂಸದಂಗಡಿಯವರಿಂದ ಒಂದು ಹ್ಯಾಮ್, ಅಂದರೆ ಹಂದಿಯ ತೊಡೆ ಮಾಂಸ. ನಮ್ಮನೆಗೆ ಬಂದಿದ್ದರೆ ಅಜ್ಜಿ ಅಂಗಳದಾಚೆಯೇ ನಿಲ್ಲಿಸುತ್ತಿದ್ದಳು, ಬಿಡು.

ದೊಡ್ಡ ಲೀಗಿನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆಯುವವರೆಗೆ ದಾಖಲೆ ಇವನದ್ದೇ. ಬ್ಯಾಟ್ ಇಳಿಸಿದ ಮೇಲೂ ರೋಸ್‌ವೆಲ್ ಬಿಡಲಿಲ್ಲ. 2005ರಲ್ಲಿ ತೀರಿಕೊಂಡ. ಅಲ್ಲಿನ ಮೈದಾನಕ್ಕೀಗ ಅವನದೇ ಹೆಸರು.

ಇಷ್ಟೆಲ್ಲ ಓದಿ ಹೇಳಿದರೆ ನಿನ್ನಮ್ಮ ಕೇಳಿದ್ದು ಒಂದೇ: "ಬಂಕ್ ಚೆನ್ನಾಗಿ ನಡೀತಿತ್ತಾ?"

ನಿನ್ನ ಅಪ್ಪ