ಮೆಷಿನ್ ಕೊಟ್ಟವರ ಫೋಟೋ ಇದೆ, ಕಲಿಸಿದವರದ್ದು ಇಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ರಿಪೇರಿ ಕೋಣೆಯಲ್ಲಿ ಎರಡನೇ ತಂಡದ ಕಲಿಕೆ ಮೊನ್ನೆ ಮುಗಿಯಿತು. ಪೆರ್ಲ, ಮುಳ್ಳೇರಿಯ, ಕುಂಬಳೆ, ನೀರ್ಚಾಲು ಕಡೆಯ ಹುಡುಗ ಹುಡುಗಿಯರು ಇನ್ನು ತಂತಮ್ಮ ಊರಿನ ಪಾಲಿಯೇಟಿವ್ ಘಟಕಗಳ (ಗುಣವಾಗದ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ಆರೈಕೆ ಮಾಡುವ ತಂಡಗಳು) ಮೆಷಿನ್‌ಗಳನ್ನು, ಅಂದರೆ ಗಾಳಿಯಿಂದ ಆಕ್ಸಿಜನ್ ತೆಗೆಯುವ ಕಾನ್ಸಂಟ್ರೇಟರ್, ಗಂಟಲಿನ ಕಫ ಎಳೆಯುವ ಸಕ್ಷನ್ ಮೆಷಿನ್, ಏರ್ ಬೆಡ್, ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವ ನೆಬುಲೈಸರ್ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಾಳು ಮೆಷಿನ್‌ಗಳಲ್ಲಿ ಹೆಚ್ಚಿನವು ಈಗ ಯಾರ್ಯಾರದೋ ಮನೆಯಲ್ಲಿ, ಮಂಚದ ಪಕ್ಕ ಓಡುತ್ತಿವೆ. ಇದಕ್ಕೆ ಕಾರಣರಾದವರಿಗೆ ಬಾಯಿಮಾತಲ್ಲಿ ಥ್ಯಾಂಕ್ಸ್ ಹೇಳಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯಲು ಕೂತೆ.

ಗಡಿಯ ಆಚೆಗಿನ ಕನ್ನಡಿಗರಿಗೆ ನಮ್ಮಲ್ಲಿಯ ವ್ಯವಸ್ಥೆ ಗೊತ್ತಿರಲಿಕ್ಕಿಲ್ಲ. ಪಾಲಿಯೇಟಿವ್ ನೀತಿಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ಕೇರಳ, 2008ರಲ್ಲಿ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಮತ್ತು ಸ್ವಯಂಸೇವಕರು ಗಾಡಿ ಮಾಡಿಕೊಂಡು ಹೋಗುತ್ತಾರೆ. ಗಾಯ ತೊಳೆಯುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ಬೇಕಾದವರಿಗೆ ಮೆಷಿನ್ ಕೊಟ್ಟು ಬರುತ್ತಾರೆ, ಬಳಸಿ ವಾಪಸ್ ಕೊಟ್ಟರಾಯಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ಆದರೆ ಎಣ್ಮಕಜೆಯಂಥ ಊರುಗಳಲ್ಲಿ ಅದರ ಸಂತ್ರಸ್ತರಾಗಿ ಮಲಗಿದಲ್ಲೇ ಇರುವವರ ಆರೈಕೆ ಇವತ್ತಿಗೂ ನಡೆಯುತ್ತಲೇ ಇದೆ. ಅಂಥ ಮನೆಯಲ್ಲಿ ಸಕ್ಷನ್ ಮೆಷಿನ್ ಒಂದು ರಾತ್ರಿ ಕೈಕೊಟ್ಟರೆ ಏನಾಗುತ್ತದೆ ಅಂತ ನಾನು ವಿವರಿಸುವುದು ಬೇಡ.

ಇಲ್ಲಿ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ನಮ್ಮ ಅಜ್ಜಂದಿರ ಕಾಲದಿಂದಲೂ ಹಾಗೆಯೇ. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಆಗ ಎಲ್ಲರಿಗೂ ಕಣ್ಣು ಬಿಟ್ಟಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಅರ್ಧಂಬರ್ಧ ಕಟ್ಟಡವನ್ನು ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದು ಆ ಏಪ್ರಿಲ್‌ನಲ್ಲೇ. ಮುಂದಿನ ವರ್ಷದ ಎರಡನೇ ಅಲೆಗೆ ಗಲ್ಫಿನಲ್ಲಿರುವ ನಮ್ಮವರು, ಕ್ಲಬ್ಬಿನವರು, ಹಳೇ ವಿದ್ಯಾರ್ಥಿಗಳು ಪೈಪೋಟಿಗೆ ಬಿದ್ದವರಂತೆ ಕಾನ್ಸಂಟ್ರೇಟರ್ ಕಳಿಸಿದರು. ದೊಡ್ಡ ಉಪಕಾರ, ಮರೆಯುವಂಥದ್ದಲ್ಲ. ಹಸ್ತಾಂತರದ ಫೋಟೋಗಳು ಗೋಡೆಯಲ್ಲಿ ಈಗಲೂ ಇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆಷಿನ್‌ಗಳು ಮಾತ್ರ ಒಂದೊಂದಾಗಿ ಮೂಲೆ ಸೇರಿದವು. ಕಂಪನಿಗೆ ಫೋನ್ ಮಾಡಿದರೆ ಕೊಚ್ಚಿಗೆ ಕಳಿಸಿ ಅನ್ನುತ್ತಾರೆ. ಕಳಿಸುವ ಖರ್ಚು ಯಾರು ಕೊಡುವುದು?

ಆ ಹೊತ್ತಿಗೆ ಸಿಕ್ಕಿದವರು ನಮ್ಮ ಮಾಷ್. ಹೆಸರು ಹಾಕುವ ಹಾಗಿಲ್ಲ. "ಹೆಸರು ಗಿಸರು ಬೇಡ ಮಾರಾಯ, ಬೇಕಾದ್ರೆ ಒಂದು ಒಳ್ಳೆ ಮಲ್ಟಿಮೀಟರ್ ತಂದಿಡು" ಅಂದುಬಿಟ್ಟಿದ್ದಾರೆ. ನಿಜವಾಗಿ ಶಾಲೆಯ ಮಾಷ್ ಅಲ್ಲ. ಗಲ್ಫಿನ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಟೆಕ್ನಿಷಿಯನ್, ಅಂದರೆ ವೈದ್ಯಕೀಯ ಮೆಷಿನ್ ನೋಡಿಕೊಳ್ಳುವವರು, ಆಗಿದ್ದವರು. ನಿವೃತ್ತಿಯಾದ ಮೇಲೆ ಊರಿಗೆ ಬಂದು ಅಡಿಕೆ ನೋಡಿಕೊಂಡು ಇರುವುದು ಬಿಟ್ಟು, ತಾಂಜಾನಿಯಾದ ಆಸ್ಪತ್ರೆಯೊಂದಕ್ಕೆ ಸಂಬಳವಿಲ್ಲದೆ ಕಲಿಸಲು ಹೋಗಿದ್ದರು. ಅಲ್ಲಿಯೂ ದಾನ ಬಂದ ಮೆಷಿನ್‌ಗಳದ್ದೇ ರಾಶಿ. "ಊರು ಬೇರೆ, ಧೂಳು ಒಂದೇ" ಅನ್ನುತ್ತಾರೆ ಅವರು.

ಅವರು ಮೊದಲ ಕ್ಲಾಸಿನಲ್ಲಿ ಮೆಷಿನ್ ಮುಟ್ಟಲಿಕ್ಕೇ ಬಿಡಲಿಲ್ಲ. ಒಂದು ಲೆಕ್ಕ ಹೇಳಿದರು. ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್ ಅಂತ ಅಮೆರಿಕದ ಒಂದು ಸಂಸ್ಥೆ ಇದೆ, 2001ರಲ್ಲಿ ಶುರುವಾದದ್ದು. ಅದರ ಸ್ವಯಂಸೇವಕರು ಬಡ ದೇಶಗಳ ಆಸ್ಪತ್ರೆಗಳಿಗೆ ಹೋಗಿ ಮೆಷಿನ್ ರಿಪೇರಿ ಮಾಡುತ್ತಾರೆ, ರುವಾಂಡಾದಂಥ ಕಡೆ ಅಲ್ಲಿಯವರಿಗೇ ತರಬೇತಿ ಕೊಟ್ಟಿದ್ದಾರೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಮಾಲ್ಕಿನ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 11 ದೇಶಗಳ 60 ಆಸ್ಪತ್ರೆ, 2,849 ರಿಪೇರಿ ಕೋರಿಕೆ. ಹಾಳಾಗಿ ನಿಂತಿದ್ದ ಮೆಷಿನ್‌ಗಳಲ್ಲಿ 72 ಶೇಕಡಾ ಹೊರದೇಶದ ಬಿಡಿಭಾಗ ತರಿಸದೆಯೇ, ಆ ಊರಲ್ಲಿ ಸಿಗುವ ಸಾಮಾನಿನಿಂದಲೇ ಸರಿಯಾದವು. ಅದಕ್ಕಿಂತ ಮಜಾ ಮುಂದಿನದ್ದು. ಸರಿಯಾದ ಮೆಷಿನ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಬೇಕಾದದ್ದು ಸರಿಯಾಗಿ ಜೋಡಿಸುವುದು ಇಲ್ಲವೇ ಬಳಸುವವರಿಗೆ ಹೇಳಿಕೊಡುವುದು, ಅಷ್ಟೇ. 19 ಶೇಕಡಾ ಪೈಪು, ಸೋರಿಕೆ, ಕಟ್ಟಿಕೊಂಡದ್ದು, ಅಂದರೆ ಪ್ಲಂಬಿಂಗ್ ಕೆಲಸ.

"ಹಾಗಾದ್ರೆ ನಂಗೂ ಬರ್ತದೆ" ಅಂದ ನಮ್ಮ ತಂಡದ ಪ್ಲಂಬರ್ ಹುಡುಗ. ಮಾಷ್‌ಗೆ ಬೇಕಾದದ್ದೂ ಅದೇ ಮಾತು.

ಒಂದು ಸಕ್ಷನ್ ಮೆಷಿನ್ ಕಥೆ ಹೇಳಲೇಬೇಕು. ಮೋಟಾರು ಓಡುತ್ತದೆ, ಕಫ ಎಳೆಯುವುದಿಲ್ಲ. ಮೋಟಾರು ವೀಕ್ ಅಂತ ಮೂಲೆಗೆ ಹಾಕಿದ್ದರು. ಮಾಷ್ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಪಂಪಿನ ಬಾಯಿಯಿಂದ ಟ್ಯೂಬ್ ಕಳಚಿ ಅಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಎಳೆತದ ಬಲ ತೋರಿಸುವ ಗೇಜಿನ ಮುಳ್ಳು ಸರಕ್ಕನೆ ಏರಿತು. ಅಂದರೆ ಪಂಪು ಗಟ್ಟಿ ಇದೆ. ಆಮೇಲೆ ಫಿಲ್ಟರ್ ಹಾಕಿ ಒತ್ತಿದರು, ಏರಿತು. ಬಾಟಲಿ ಸೇರಿಸಿ ರೋಗಿಯ ಕಡೆಯ ಟ್ಯೂಬನ್ನು ಮುಚ್ಚಿದರು, ಮುಳ್ಳು ಅಲ್ಲಾಡಲಿಲ್ಲ. ಕಳ್ಳ ಬಾಟಲಿಯಲ್ಲೇ ಇದ್ದ. ಮುಚ್ಚಳದೊಳಗಿನ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿತ್ತು, ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ರಬ್ಬರ್ ಶೀಟ್ ತಂದು ಅಳತೆಗೆ ಕತ್ತರಿಸಿ ಕೂರಿಸಿದೆವು. ಮೆಷಿನ್ ಅದೇ ಸಂಜೆ ಹೋಂ ಕೇರ್ ಗಾಡಿಯಲ್ಲಿ ಹೋಯಿತು. ಪಂಪಿನಿಂದ ಶುರು ಮಾಡಿ ಒಂದೊಂದೇ ಸೇರಿಸುತ್ತಾ ಹೋಗು, ಎಲ್ಲಿ ಸತ್ತಿತೋ ಅಲ್ಲೇ ಕಾಯಿಲೆ. ಈ ಕ್ರಮ ತಲೆಗೆ ಹೋದ ಮೇಲೆ ನಮ್ಮ ಹುಡುಗರಿಗೆ ಅರ್ಧ ಹೆದರಿಕೆ ಹೋಯಿತು.

ಕಾನ್ಸಂಟ್ರೇಟರ್‌ನದ್ದು ಬೇರೆ ತಕರಾರು. ಅದರೊಳಗೆ ಜಿಯೋಲೈಟ್ ಅನ್ನುವ ಕಾಳುಗಳ ಎರಡು ಕೊಳವೆ ಇರುತ್ತವೆ. ಒತ್ತಿ ತುಂಬಿದ ಗಾಳಿಯಿಂದ ಆ ಕಾಳುಗಳು ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತವೆ. ಉಳಿದು ಹೊರಬರುವುದರಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಆಕ್ಸಿಜನ್. ಈ ಕಾಳಿಗೆ ತೇವ ಆಗಿಬರುವುದಿಲ್ಲ. ನಮ್ಮ ಜೂನ್–ಜುಲೈ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಮೆಷಿನ್ ಚಾಲೂ ಮಾಡದೆ ಅಟ್ಟದಲ್ಲಿಟ್ಟರೆ ಕಥೆ ಮುಗಿಯಿತು. ಹಾಗಾಗಿ ಈಗ ಖಾಲಿ ಇರುವ ಮೆಷಿನ್‌ಗಳನ್ನೂ ಆಗಾಗ ಸ್ವಲ್ಪ ಹೊತ್ತು ಓಡಿಸುತ್ತೇವೆ. ಇನ್ನು ಎಷ್ಟೋ ಮೆಷಿನ್‌ಗೆ ಬಂದ ರೋಗ ಬರೀ ಸ್ಪಂಜ್ ಫಿಲ್ಟರಿನದ್ದು. ತೊಳೆದು ಪೂರ್ತಿ ಒಣಗಿಸಿ ಹಾಕಿದರೆ ಬಿಸಿಯಾಗುವುದು ನಿಂತಿತು. ಸಿಡಿಲಿಗೆ ಸುಟ್ಟ ಬೋರ್ಡು, ಒಳಗೆ ಹೋಗಿ ಸತ್ತ ಹಲ್ಲಿ, ರಿಲೇಯಲ್ಲಿ ಇರುವೆ, ಇವೆಲ್ಲ ಯಾವ ಮ್ಯಾನ್ಯುವಲ್‌ನಲ್ಲೂ ಸಿಗದ ನಮ್ಮೂರಿನ ಸ್ಪೆಷಲ್.

ಮ್ಯಾನ್ಯುವಲ್ ಅಂದಾಗ ನೆನಪಾಯಿತು. ಮುಖ ನೋಡದ ಕೆಲವರಿಗೂ ಥ್ಯಾಂಕ್ಸ್ ಹೇಳಬೇಕು. 2020ರ ಮೇ ತಿಂಗಳಲ್ಲಿ ಐಫಿಕ್ಸಿಟ್ ಎಂಬ ಅಮೆರಿಕದ ಕಂಪನಿ ವೈದ್ಯಕೀಯ ಉಪಕರಣಗಳ 13,000ಕ್ಕಿಂತ ಹೆಚ್ಚು ಮ್ಯಾನ್ಯುವಲ್‌ಗಳನ್ನು ಒಂದು ಕಡೆ ಸೇರಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಅದನ್ನು ಜೋಡಿಸಲು ಕೂತವರಲ್ಲಿ ಲೈಬ್ರರಿಯನ್‌ಗಳು ತುಂಬಾ ಜನ. ಎಲ್ಲೋ ಕೂತ ಲೈಬ್ರರಿಯನ್ ಒಬ್ಬರು ಸರಿಯಾಗಿ ಹೆಸರು ಹಾಕಿ ಇಟ್ಟ ಪುಟವನ್ನು ನೀರ್ಚಾಲಿನ ಹುಡುಗಿ ಮೊಬೈಲಿನಲ್ಲಿ ತೆರೆದು, ಅಲಾರಂ ಯಾಕೆ ಹೊಡೆಯುತ್ತಿದೆ ಅಂತ ನಮಗೆಲ್ಲ ಓದಿ ಹೇಳಿದಳು. ಆ ಲೈಬ್ರರಿಯನ್‌ಗೆ ಇದು ತಲುಪುವುದಿಲ್ಲ. ಇರಲಿ, ಬರೆದಿಡುತ್ತೇನೆ.

ಪಾಲಿಯೇಟಿವ್ ನರ್ಸ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆ. ಮನೆಯವರಿಗೆ ಫಿಲ್ಟರ್ ತೊಳೆಯಲು, ಆಕ್ಸಿಜನ್‌ಗೆ ತೇವ ಕೊಡುವ ಹ್ಯೂಮಿಡಿಫೈಯರ್ ಬಾಟಲಿಯ ನೀರು ಬದಲಿಸಲು, ಮುಚ್ಚಳ ಅಡ್ಡತಿಡ್ಡ ತಿರುಗಿಸದಿರಲು ಹೇಳಿಕೊಟ್ಟವರು ಇವರು. ಕನ್ನಡ, ಮಲಯಾಳ, ತುಳು, ಬ್ಯಾರಿ, ಯಾವ ಮನೆಗೆ ಯಾವ ಭಾಷೆಯೋ ಅದರಲ್ಲೇ. ನಮ್ಮ ಒಬ್ಬರು ಚೇಚಿ (ಮಲಯಾಳದಲ್ಲಿ ಅಕ್ಕ) ಇದ್ದಾರೆ. ಆಕ್ಸಿಜನ್ ಇರುವ ಕೋಣೆಯಲ್ಲಿ ಬೀಡಿ ಹಚ್ಚಲು ಹೊರಟ ಅಜ್ಜನ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, ಬೈದು, ಆಮೇಲೆ ತಾವೇ ಕೂತು ಅವರಿಗೆ ಕಾಪಿ ಕುಡಿಸಿ ಬಂದವರು. ಮಾಷ್ ಹೇಳಿದ, ಬರೀ ಹೇಳಿಕೊಟ್ಟರೆ ಸರಿಯಾಗುವ ಆ ಕಾಲು ಭಾಗದ ರಿಪೇರಿ ಇವರದ್ದೇ.

ಕೋಣೆ ಕೊಟ್ಟ ಗ್ರಂಥಾಲಯದವರಿಗೆ, ಅರ್ತಿಂಗ್ ಹೊಸದಾಗಿ ಹಾಕಿಕೊಟ್ಟ ವಯರಿಂಗಿನ ಅಣ್ಣನಿಗೆ, ಬಿಲ್ಲು ಕೇಳಿದಾಗಲೆಲ್ಲ "ಆಮೇಲೆ ನೋಡುವ" ಅನ್ನುವ ಹಾರ್ಡ್‌ವೇರ್ ಅಂಗಡಿಯ ಇಕ್ಕನಿಗೆ (ಮಲಯಾಳದಲ್ಲಿ ಅಣ್ಣ), ಮಧ್ಯಾಹ್ನದ ಗಂಜಿ ಮತ್ತು ಉಪ್ಪಿನಕಾಯಿ ನೋಡಿಕೊಂಡ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರಿಗೆ ನಾವು ಋಣಿ. ಹಾಂ, ಮನೆಯಲ್ಲಿ "ಭಾನುವಾರವೂ ಅದೇ ಸ್ಕ್ರೂಡ್ರೈವರಾ?" ಅಂತ ಕೇಳಿದ ಎಲ್ಲರ ಹೆಂಡತಿ, ಗಂಡ, ಅಮ್ಮಂದಿರಿಗೂ. ಪ್ರಶ್ನೆ ಸರಿಯಾಗಿಯೇ ಇತ್ತು.

ಮೆಷಿನ್ ದಾನ ಮಾಡುವವರಲ್ಲಿ ಒಂದು ವಿನಂತಿ, ಬೇಸರ ಮಾಡಬೇಡಿ. ಹೊಸ ಮೆಷಿನ್ ಕೊಡುವಾಗ ಅದರ ಜೊತೆ ಒಂದೆರಡು ಫಿಲ್ಟರ್, ಒಂದು ಸ್ಟೆಬಿಲೈಸರ್, ಸರ್ವಿಸ್ ಮ್ಯಾನ್ಯುವಲ್ ಕೂಡ ಕೊಡಿಸಿ. ಇಲ್ಲವೇ ಒಬ್ಬ ಹುಡುಗ ಕಲಿಯುವ ಖರ್ಚು ಕೊಡಿ. ಫೋಟೋ ನಾವೇ ತೆಗೆದು ಗೋಡೆಗೆ ಹಾಕುತ್ತೇವೆ, ಜಾಗ ಇದೆ.

ಮೂರನೇ ತಂಡ ದೀಪಾವಳಿ ಕಳೆದ ಮೇಲೆ. ಐಟಿಐ ಆಗಿರಬೇಕು ಅಂತೇನಿಲ್ಲ. ಟೆಸ್ಟರ್ ಹಿಡಿಯಲು ಬಂದರೆ ಸಾಕು, ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಸುಮ್ನೆ ಬಿದ್ದಿರುವ ನೆಬುಲೈಸರ್, ಸಕ್ಷನ್, ಏರ್ ಬೆಡ್ ಪಂಪು ಇದ್ದರೆ ತಂದುಕೊಡಿ. ವೆಂಟಿಲೇಟರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಬೇಡ. ಅವಕ್ಕೆ ನಾವು ಕೈಹಾಕುವುದಿಲ್ಲ, ಮಾಷ್ ಬಿಡುವುದೂ ಇಲ್ಲ. ತರುವಾಗ ದಯವಿಟ್ಟು ವಯರು, ಬಾಟಲಿ, ಮುಚ್ಚಳ ಎಲ್ಲ ಜೊತೆಗೇ ತನ್ನಿ. ಕಳೆದ ಸಲ ಮುಚ್ಚಳ ಹುಡುಕುವುದರಲ್ಲೇ ಒಂದು ಭಾನುವಾರ ಹೋಯಿತು.