ಕೋಳಿಗಳಿಗೆ ಕೊಡುವ ಬೇಸಿಗೆಯ ಪುಡಿಗಳು: ಚೀಟಿಯಲ್ಲಿ ಪ್ರಮಾಣ ಬರೆಯಿರಿ

ಮಾನ್ಯ ಸಂಪಾದಕರೇ,

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬರುತ್ತಿದ್ದಂತೆಯೇ ‘ಹೀಟ್ ಸ್ಟ್ರೆಸ್’ಗೆಂದು, ಅಂದರೆ ಕೋಳಿಗಳನ್ನು ಬಳಲಿಸುವ ಕಾವಿನ ಒತ್ತಡಕ್ಕೆಂದು, ಬಗೆಬಗೆಯ ಬಾಟಲಿ, ಪುಡಿ ಪೊಟ್ಟಣಗಳು ಕೋಳಿ ಶೆಡ್‌ಗಳಿಗೆ ಬರುತ್ತವೆ. ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಂ ಮೊದಲಾದ ಆ್ಯಂಟಿಆಕ್ಸಿಡೆಂಟ್‌ಗಳು ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ನನ್ನ ತಕರಾರು ಅವುಗಳನ್ನು ಮಾರುವ ರೀತಿಯ ಬಗ್ಗೆ.

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ಕಾವಿನ ಒತ್ತಡ ಹೆಚ್ಚಿದಾಗ ಜೀವಕೋಶಗಳ ಪೊರೆಯನ್ನು ಹಾಳುಗೆಡಹುವ ಫ್ರೀ ರ‍್ಯಾಡಿಕಲ್‌ಗಳೂ ಹೆಚ್ಚುತ್ತವೆ; ಅವುಗಳನ್ನು ತಡೆಯುವುದೇ ಆ್ಯಂಟಿಆಕ್ಸಿಡೆಂಟ್‌ಗಳ ಕೆಲಸ. ಕೋಳಿ ತನಗೆ ಬೇಕಾದ ವಿಟಮಿನ್ ಸಿಯನ್ನು ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದಾದರೂ ಕಡು ಬೇಸಿಗೆಯಲ್ಲಿ ಅದು ಸಾಲದೆಂಬ ಕಾರಣಕ್ಕೇ ಕಿಲೋ ಆಹಾರಕ್ಕೆ 200ರಿಂದ 250 ಮಿಲಿಗ್ರಾಂನಷ್ಟು ಬೆರೆಸುವ ರೂಢಿ ಬಂದಿದೆ. ಆದರೆ ನಾನು ಕೊಳ್ಳುವ ಪೊಟ್ಟಣದ ಚೀಟಿಯ ಮೇಲೆ ‘ಸಮೃದ್ಧ’ ಎಂಬ ಮಾತಿದೆಯೇ ಹೊರತು ಎಷ್ಟು ಮಿಲಿಗ್ರಾಂ ಎಂಬುದಿಲ್ಲ.

ಹೇಗೆ ಕೊಡಬೇಕೆಂದು ಹೇಳುವವರೂ ಇಲ್ಲ. ನಾನೇ ಒಂದು ಬೇಸಿಗೆಯುದ್ದಕ್ಕೂ ಬೆಳಿಗ್ಗೆ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದೇ ನೀರಿಗೆ ವಿಟಮಿನ್ ಸಿ ಪುಡಿಯನ್ನೂ ಕಲಸುತ್ತಿದ್ದೆ. ಕ್ಲೋರಿನ್ ಈ ವಿಟಮಿನ್ನನ್ನು ಕೆಡಿಸುತ್ತದೆಂದು, ಬಿಸಿಲಿಗೆ ಕಾದ ಕಪ್ಪು ತೊಟ್ಟಿಯಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದೂ ಇಲ್ಲವೆಂದು ಪಶುವೈದ್ಯರೊಬ್ಬರು ಹೇಳುವ ಹೊತ್ತಿಗೆ ಆ ವರ್ಷದ ದುಡ್ಡು ನೀರಿಗೆ ಹೋಗಿತ್ತು, ಅಕ್ಷರಶಃ. ಈಗ ಕ್ಲೋರಿನ್ ಬೆರೆಸದ ತಂಪು ನೀರಿನಲ್ಲಿ, ಒಂದೆರಡು ಗಂಟೆಯಲ್ಲಿ ಕೋಳಿಗಳು ಕುಡಿದು ಮುಗಿಸುವಷ್ಟನ್ನೇ ಕಲಸುತ್ತೇನೆ.

ವಿಟಮಿನ್ ಇಯ ಮಾತು ಬೇರೆ. ಅದು ದೇಹದಲ್ಲಿ ನಿಧಾನವಾಗಿ ಶೇಖರವಾಗುವಂಥದ್ದು. ಕೋಳಿಗಳು ಬೀಳತೊಡಗಿದ ದಿನ ಬಾಟಲಿ ತಂದರೆ ಫಲವಿಲ್ಲ, ಒಂದೆರಡು ವಾರ ಮುಂಚಿತವಾಗಿಯೇ ಆಹಾರದಲ್ಲಿ ಕೊಡಬೇಕು. ಸೆಲೆನಿಯಂ ವಿಷಯದಲ್ಲಂತೂ ಚೀಟಿಯ ಮೌನ ಅಪಾಯಕಾರಿ. ಕಿಲೋ ಆಹಾರಕ್ಕೆ 0.3 ಮಿಲಿಗ್ರಾಂ ಸಾಕಾಗುವ, ಮಿತಿ ಮೀರಿದರೆ ವಿಷವಾಗುವ ಖನಿಜವಿದು. ಕಾರ್ಖಾನೆಯ ಫೀಡ್‌ನಲ್ಲಿ ಸಾಮಾನ್ಯವಾಗಿ ಅದು ಮೊದಲೇ ಬೆರೆತಿರುತ್ತದೆ.

ಇಷ್ಟಾದರೂ ಸಂಜೆ ಟ್ರೇ ಜೋಡಿಸುವಾಗ ಬೆರಳೊತ್ತಿದರೆ ಒಡೆಯುವ ಮೊಟ್ಟೆಗಳು ಸಿಗುತ್ತಲೇ ಇರುತ್ತವೆ. ಏದುಸಿರಿನಿಂದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ಚಿಪ್ಪು ತೆಳುವಾಗುವುದನ್ನು ಯಾವ ಪುಡಿಯೂ ಪೂರ್ತಿ ತಡೆಯದು. ಗಾಳಿಯಾಡುವ ಶೆಡ್, ತಣ್ಣನೆಯ ನೀರು, ನಸುಕಿನಲ್ಲೇ ಆಹಾರ ಹಾಕಿ ನಡುಹಗಲಲ್ಲಿ ನಿಲ್ಲಿಸುವುದು, ಇವು ಮೊದಲು, ಪುಡಿ ಆಮೇಲೆ.

ಪಶುಸಂಗೋಪನಾ ಇಲಾಖೆಯವರು ಇಂಥ ಪೂರಕಗಳ ಚೀಟಿಯಲ್ಲಿ ಪ್ರತಿ ಅಂಶದ ಪ್ರಮಾಣ, ತಯಾರಾದ ದಿನಾಂಕ ಮತ್ತು ಬೆರೆಸುವ ಕ್ರಮ ಕನ್ನಡದಲ್ಲಿರುವಂತೆ ನೋಡಿಕೊಳ್ಳಬೇಕೆಂದೂ, ಬೇಸಿಗೆಯ ಸಲಹೆಗಳನ್ನು ಕೋಳಿಗಳು ಸತ್ತ ಮೇಲೆ ಮೇ ತಿಂಗಳಲ್ಲಿ ಅಲ್ಲ, ಫೆಬ್ರುವರಿಯಲ್ಲೇ ಪಶು ಆಸ್ಪತ್ರೆಗಳ ಮೂಲಕ ತಲುಪಿಸಬೇಕೆಂದೂ ಕೋರುತ್ತೇನೆ.

– ಒಬ್ಬ ಮೊಟ್ಟೆ ಕೋಳಿ ಸಾಕಣೆದಾರ, ಸಿರುಗುಪ್ಪ ತಾಲ್ಲೂಕು