ಸದಸ್ಯರನ್ನು ಎಣಿಸುವ ಮೊದಲು ಕೋರಂ ಎಣಿಸಿ

ಮಾನ್ಯ ಸಂಪಾದಕರೇ,

ರೈತರೇ ಷೇರು ಹಾಕಿ ಕಟ್ಟುವ ರೈತ ಉತ್ಪಾದಕ ಕಂಪನಿಗಳ ಪರಿಶೀಲನಾ ಸಭೆಯಲ್ಲಿ ಮೊದಲು ಕೇಳುವುದು ‘ಸದಸ್ಯರು ಎಷ್ಟಾದರು?’ ಎಂದು. ಕೇಂದ್ರದ 2020ರ ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 300 ಸದಸ್ಯರಿದ್ದರೆ ಸಾಕಿತ್ತು. ಆದರೂ ಸಾವಿರ ದಾಟಿಸುವ ಆತುರ. ಷೇರಿನಷ್ಟೇ ಅನುದಾನ ಸಿಗುತ್ತದೆಂಬ ಆಸೆ ಇದಕ್ಕೆ ಒಂದು ಕಾರಣ. ಆ ಅನುದಾನ ಸದಸ್ಯರಿಗೆ ತಲಾ 2,000, ಕಂಪನಿಗೆ 15 ಲಕ್ಷ ರೂಪಾಯಿ ಮೀರುವುದಿಲ್ಲ. ಪೂರ್ತಿ ಷೇರು ಕಟ್ಟಿದ 750 ಮಂದಿಗೇ ಮುಗಿಯುತ್ತದೆ.

ಸದಸ್ಯರು ಹೆಚ್ಚಿದಂತೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಕೂಡ ಬೆಳೆಯುತ್ತದೆ. ಮಹಾಸಭೆಗೆ ಒಟ್ಟು ಸದಸ್ಯರಲ್ಲಿ ಕಾಲು ಭಾಗ ಬರಲೇಬೇಕು. 300 ಇದ್ದಾಗ 75 ಜನ. ಶಾಲೆಯ ಒಂದು ಕೋಣೆ ಸಾಕು. 1,200 ಆದರೆ 300 ಜನ ಬೇಕು. ಬಾರದಿದ್ದರೆ ಹಾಜರಿ ಪುಸ್ತಕ ಮನೆ ಮನೆ ಸುತ್ತಿ ಸಹಿ ತರುತ್ತದೆ. ಆಡಳಿತ ಹಳಸುವುದು ಅಲ್ಲಿಂದಲೇ.

ಇನ್ನು ದುಡ್ಡಿನ ಲೆಕ್ಕ. ಕಚೇರಿ ಖರ್ಚಿಗೆ ಯೋಜನೆ ಕೊಡುವುದು 3 ವರ್ಷಕ್ಕೆ ಹೆಚ್ಚೆಂದರೆ 18 ಲಕ್ಷ. ನಾಲ್ಕನೇ ವರ್ಷ ಆ 6 ಲಕ್ಷವನ್ನು ಕಂಪನಿಯೇ ದುಡಿಯಬೇಕು. ಗೋವಿನಜೋಳದಲ್ಲಿ ಕ್ವಿಂಟಲ್‌ಗೆ 50 ರೂಪಾಯಿ ಉಳಿದರೂ 12,000 ಕ್ವಿಂಟಲ್ ವ್ಯಾಪಾರವಾಗಬೇಕು. ಸಾವಿರ ಸದಸ್ಯರು ತಲಾ 1,000 ರೂಪಾಯಿ ಷೇರು ಹಾಕಿ, ಅಷ್ಟೇ ಅನುದಾನ ಬಂದರೆ ಕೈಯಲ್ಲಿರುವುದು 20 ಲಕ್ಷ. ದರ 2,000 ಎಂದುಕೊಂಡರೂ ಕೊಂಡು ಮಾರುವ ಒಂದು ಸುತ್ತಿಗೆ 1,000 ಕ್ವಿಂಟಲ್. ರೈತನಿಗೆ ಹಣ ಅಂದೇ ಬೇಕು, ಪಶು ಆಹಾರದ ಕಾರ್ಖಾನೆ ಕೊಡುವುದು ಮೂರು–ನಾಲ್ಕು ವಾರಕ್ಕೆ. ಸುಗ್ಗಿ ಎರಡು ತಿಂಗಳಾದರೆ ಎರಡು ಸುತ್ತು, ಮೂರನೆಯದು ಅನುಮಾನ. ಉಳಿದದ್ದಕ್ಕೆ ಸಾಲವೇ ಗತಿ. ತಿಂಗಳಿಗೆ ಶೇ 1ರ ಬಡ್ಡಿಯೆಂದರೆ ಕ್ವಿಂಟಲ್‌ಗೆ 20 ರೂಪಾಯಿ, ಆ 50ರಲ್ಲೇ.

ಹೊಸ ಖರೀದಿ ಕೇಂದ್ರ ತೆರೆದಾಗ ಕೈ ಸುಡುವುದು ತೇವಾಂಶ. ಶೇ 18 ತೇವದ ಕಾಳನ್ನು ಶೇ 14ಕ್ಕೆ ಒಣಗಿಸಿದರೆ 100 ಕೆ.ಜಿ.ಯಲ್ಲಿ 4.65 ಕೆ.ಜಿ. ಹೋಗುತ್ತದೆ. ಅಂದರೆ 93 ರೂಪಾಯಿ, ಲಾಭದ ಹತ್ತಿರ ಹತ್ತಿರ ಎರಡರಷ್ಟು. ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಡಿದು ನೋಡುವ ಅನುಭವಿ ಮೊದಲ ಕೇಂದ್ರದಲ್ಲಿದ್ದಾನೆ. ಎರಡನೆಯದಕ್ಕೆ ಅವನನ್ನು ಎಲ್ಲಿಂದ ತರುವುದು? ಅಲ್ಲಿ ತೇವಾಂಶ ಅಳೆಯುವ ಮೀಟರ್ ಇರಲಿ, ನಾಲ್ಕೈದು ಚೀಲದಿಂದ ಮಾದರಿ ತೆಗೆಯಲಿ, ಶೇ 14 ಮೀರಿದ ಪ್ರತಿ ಶೇ 1 ತೇವಕ್ಕೆ ಕ್ವಿಂಟಲ್‌ಗೆ 1.16 ಕೆ.ಜಿ. ಕಡಿತವೆಂದು ಗೋಡೆಯ ಮೇಲೇ ಬರೆದಿರಲಿ. ಬಾಯಿಮಾತಿನ ಕಡಿತ ಜಗಳ ತರುತ್ತದೆ, ಮರುವರ್ಷ ಮಾಲು ದಲ್ಲಾಳಿ ಅಂಗಡಿಗೆ ಹೋಗುತ್ತದೆ.

ಹಾಗಾದರೆ ಬೆಳೆಯುವುದು ಹೇಗೆ? 300–400 ಸದಸ್ಯರಲ್ಲೇ ಎರಡು ಸುಗ್ಗಿ ನಿಲ್ಲಿ. ಒಂದೇ ಬೆಳೆ ಸಾಕು. ಇಪ್ಪತ್ತು ಮನೆಗೊಬ್ಬ ಪ್ರತಿನಿಧಿಯಿದ್ದರೆ ಮಹಾಸಭೆಗೆ ಜನ ತಾವಾಗಿ ಬರುತ್ತಾರೆ. ಅರ್ಧದಷ್ಟು ಸದಸ್ಯರಾದರೂ ಕಂಪನಿಗೇ ಮಾಲು ಹಾಕಿದ ಮೇಲೆ ಪಕ್ಕದ ಊರಿಗೆ ಹೋಗಿ. ಗೊಬ್ಬರ, ಬೀಜ, ಕೀಟನಾಶಕವನ್ನೂ ಮಾರುವುದಾದರೆ ಮೂರಕ್ಕೂ ಬೇರೆ ಬೇರೆ ಪರವಾನಗಿ ಬೇಕು. ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲೇ ಅದು ಕೈಸೇರಲಿ.

ಇಲಾಖೆಯವರಲ್ಲಿ ಒಂದು ವಿನಂತಿ: ಪರಿಶೀಲನಾ ನಮೂನೆಯಲ್ಲಿ ಸದಸ್ಯರ ಸಂಖ್ಯೆಯ ಪಕ್ಕದಲ್ಲೇ ‘ಈ ಹಂಗಾಮಿನಲ್ಲಿ ಮಾಲು ಹಾಕಿದವರು ಎಷ್ಟು’ ಎಂಬ ಕಲಂ ಸೇರಿಸಿ.

— ರೈತ ಕಂಪನಿಗಳ ಲೆಕ್ಕಪತ್ರ ನೋಡುವವರು, ಹಾವೇರಿ